ನಡುವಯಸ್ಸಿನ ನಡು, ನಾಯಕಿಯ ನಡು

ಕಳೆದ ದೀಪಾವಳಿಗೆ ನಾಲ್ಕು ದಿನ ಮುಂಚೆ ನಮ್ಮವ್ವನ ಜೊತೆ ಧಾರವಾಡದ ಪೇಟೆಯ ಒಂದು ಹೊಲಿಗೆ ಅಂಗಡಿಗೆ ಹೋಗಿದ್ದೆ. ಎರಡು ವರ್ಷದ ಹಿಂದೆ ಹೊಲಿಸಿದ್ದ ರೇಷ್ಮೆ ಕುಪ್ಪಸ ಬಿಗಿಯಾಗಿತ್ತು. ತೋಳು ಬಿಗಿ, ಕೆಳಗಿನ ಪಟ್ಟಿ ಇನ್ನೂ ಬಿಗಿ. ಅದನ್ನು ಮೇಜಿನ ಮೇಲಿಟ್ಟು ಅವ್ವ ಏನೋ ತಪ್ಪು ಮಾಡಿದವಳಂತೆ ನಿಂತಳು. ಸಿಂಪಿಗರು ಕುಪ್ಪಸವನ್ನು ಒಳಮಗ್ಗುಲಿಗೆ ತಿರುವಿ ತೋರಿಸಿದರು.

"ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ಒಳಗ ಬಟ್ಟಿ ಬಿಟ್ಟು ಮೂರು ಹೊಲಿಗಿ ಹಾಕಿರತೀನಿ. ಒಂದು ಬಿಚ್ಚಿದ್ರ ಆತು."

ಅವ್ವನ ಕಣ್ಣು ಅಷ್ಟರಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ನೆಟ್ಟಿತ್ತು. ಯಾವುದೋ ಒಡವೆ ಅಂಗಡಿಯ ಕ್ಯಾಲೆಂಡರ್. ಮೈತುಂಬ ಬಂಗಾರ ಹೇರಿಕೊಂಡು ಹಿಂದಿ ಸಿನಿಮಾದ ಹೆಸರಾಂತ ನಟಿಯೊಬ್ಬರು ನಗುತ್ತಿದ್ದರು. "ಈಕಿ ನನಗಿಂತ ನಾಲ್ಕು ವರ್ಷ ದೊಡ್ಡಾಕಿ. ಹೆಂಗದಾಳ ನೋಡು" ಎಂದು ಅವ್ವ ಮೆಲ್ಲಗೆ ಅಂದಳು. ಅವ್ವನಿಗೆ ಈಗ 48.

ಇದು ಒಂದು ಮನೆಯ ಮಾತಲ್ಲ. ನಲವತ್ತು ದಾಟಿದ ಹೆಂಗಸರು ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಜೊತೆಯಾದರೆ ಐದು ನಿಮಿಷದಲ್ಲಿ ಈ ವಿಷಯ ಬಂದೇ ಬರುತ್ತದೆ. "ಮೊದಲು ಹೀಗಿರಲಿಲ್ಲ, ಊಟವೇನೂ ಹೆಚ್ಚಾಗಿಲ್ಲ, ಆದರೂ ಹೊಟ್ಟೆ ಬರುತ್ತಿದೆ" ಎಂಬ ಅಳಲು. ಅದರ ಹಿಂದೆಯೇ ಯಾವುದಾದರೊಬ್ಬ ನಟಿಯ ಹೆಸರು. ಅವಳಿಗೆ ಸಾಧ್ಯವಾದದ್ದು ನಮಗೇಕೆ ಆಗುವುದಿಲ್ಲ ಎಂಬ ಪ್ರಶ್ನೆ. ಹೋಲಿಕೆಗೆ ಎದುರಿಟ್ಟುಕೊಂಡ ಈ ಚಿತ್ರ ಎಲ್ಲಿಂದ ಬಂತು, ಯಾವಾಗ ಬಂತು ಎಂದು ಕೇಳುವವರು ಕಡಿಮೆ. ಆ ಚಿತ್ರಕ್ಕೂ ಒಂದು ಇತಿಹಾಸವಿದೆ. ಅದರಲ್ಲಿ ಧಾರವಾಡದ ಹೆಣ್ಣುಮಗಳೊಬ್ಬಳ ಪಾತ್ರವೂ ಇದೆ.

ದೇಹದ ಲೆಕ್ಕ

ಮೊದಲು ದೇಹದೊಳಗೆ ನಡೆಯುವುದೇನು ಎಂಬುದನ್ನು ನೋಡೋಣ. ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46. ಪಶ್ಚಿಮದ ದೇಶಗಳಲ್ಲಿ ಇದು 51ರ ಆಸುಪಾಸು. ಮುಟ್ಟು ಪೂರ್ತಿ ನಿಲ್ಲುವುದಕ್ಕೆ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಎಂಬ ಹಾರ್ಮೋನು ಏರಿಳಿಯಲು ತೊಡಗಿ ಕೊನೆಗೆ ತೀರ ಕಡಿಮೆಯಾಗುತ್ತದೆ. ಹರೆಯದಲ್ಲಿ ಹೆಣ್ಣಿನ ದೇಹದ ಕೊಬ್ಬನ್ನು ಸೊಂಟದ ಕೆಳಗೆ, ತೊಡೆಗಳಲ್ಲಿ ಕೂಡಿಡುವುದು ಇದೇ ಹಾರ್ಮೋನಿನ ಕೆಲಸ. ಹಿಡಿತ ಸಡಿಲವಾದಂತೆ ಕೊಬ್ಬು ಹೊಟ್ಟೆಯ ಸುತ್ತ, ಕರುಳು ಯಕೃತ್ತುಗಳ ನಡುವೆ ಸೇರತೊಡಗುತ್ತದೆ. ಅಂದರೆ ತಕ್ಕಡಿಯಲ್ಲಿ ತೂಕ ಒಂದಿಷ್ಟೂ ಏರದಿದ್ದರೂ ಕುಪ್ಪಸ ಬಿಗಿಯಾಗಬಹುದು.

ಜೊತೆಗೆ ವಯಸ್ಸಿನೊಂದಿಗೆ ಸ್ನಾಯುಗಳು ಕರಗುತ್ತವೆ. ರಾತ್ರಿ ಮೈ ಕಾವೇರಿ ಬೆವತು ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚು, ಓಡಾಟ ಕಡಿಮೆ. ಹೀಗೆ ವರ್ಷಕ್ಕೆ ಅರ್ಧ ಕಿಲೋದಷ್ಟು ಸೇರುತ್ತ ಹೋದರೆ ಹತ್ತು ವರ್ಷಕ್ಕೆ ಐದು ಕಿಲೋ.

"ನಲವತ್ತಾದ ಮೇಲೆ ಮೈಯೊಳಗಿನ ಒಲೆಯೇ ಮಂದವಾಗುತ್ತದೆ, ತಿಂದದ್ದು ಉರಿಯುವುದಿಲ್ಲ" ಎಂಬ ನಂಬಿಕೆ ಬಹಳ ಜನರಲ್ಲಿದೆ. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನವೊಂದು ಪ್ರಕಟವಾಯಿತು. ದೇಹದ ಗಾತ್ರ ಮತ್ತು ಸ್ನಾಯುಗಳ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರವರೆಗೆ ಈ ಒಲೆಯ ಉರಿ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ ಎಂದು ಅದು ತೋರಿಸಿತು. ಬದಲಾಗುವುದು ಕೊಬ್ಬು ಕೂರುವ ಜಾಗ, ಸ್ನಾಯುಗಳ ಪಾಲು ಮತ್ತು ದಿನದ ದುಡಿಮೆಯ ರೀತಿ. "ಕೂತು ತಿಂದಳು, ಊದಿದಳು" ಎಂಬ ಚುಚ್ಚುಮಾತಿನಲ್ಲಿ ಈ ಯಾವ ಲೆಕ್ಕವೂ ಇಲ್ಲ.

ಶಿಲ್ಪಿಯ ಕಣ್ಣು

ಮುಟ್ಟು ನಿಲ್ಲುವುದೇನೂ ಹೊಸ ಸಂಗತಿಯಲ್ಲ. ನಲವತ್ತೈದು ದಾಟಿ ಬದುಕಿದ ಹೆಂಗಸರು ಎಲ್ಲ ಕಾಲದಲ್ಲೂ ಇದ್ದರು. ಅವರ ದೇಹವನ್ನು ನಮ್ಮ ಕಲೆ ಹೇಗೆ ಕಂಡಿತು?

ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯವನ್ನೇ ತೆಗೆದುಕೊಳ್ಳೋಣ. ಕನ್ನಡಿ ಹಿಡಿದವಳು, ಡೋಲು ಬಾರಿಸುವವಳು, ಗಿಳಿಯೊಂದಿಗೆ ಮಾತಾಡುವವಳು, ಹೀಗೆ ಅಲ್ಲಿನ ಮದನಿಕೆಯರ ಭಂಗಿ ನೂರು ಬಗೆ. ವಯಸ್ಸು ಮಾತ್ರ ಒಂದೇ. ಎಲ್ಲರೂ ಹರೆಯದವರು. ನಮ್ಮ ಕಾವ್ಯಗಳ ನಾಯಕಿಗೂ ಹದಿನಾರು ದಾಟುವುದೇ ಅಪರೂಪ.

ಹಾಗೆಂದು ಈ ಸುಂದರಿಯರು ಇಂದಿನ ರೂಪದರ್ಶಿಯರಂತೆ ಚಪ್ಪಟೆ ಹೊಟ್ಟೆಯವರು ಎಂದು ತಿಳಿಯಬಾರದು. ತುಂಬಿದ ತೋಳು, ಅಗಲವಾದ ನಿತಂಬ, ತುಸುವೇ ಉಬ್ಬಿದ ಕಿಬ್ಬೊಟ್ಟೆ. ಸ್ವಾರಸ್ಯವೆಂದರೆ ಹೊಟ್ಟೆಯ ಮೇಲಿನ ಮೂರು ಮಡಿಕೆಗಳಿಗೆ ಕವಿಗಳು 'ತ್ರಿವಳಿ' ಎಂದು ಹೆಸರಿಟ್ಟು, ಅದನ್ನು ಚೆಲುವಿನ ಲಕ್ಷಣಗಳಲ್ಲಿ ಸೇರಿಸಿದ್ದರು. ಸಂಸ್ಕೃತ ಕವಿಗಳು ವರ್ಣಿಸಿದ ಈ ತ್ರಿವಳಿ ಹಳಗನ್ನಡದಲ್ಲೂ ಇದೆ. ಇಂದು ಫೋಟೋ ತೆಗೆಯುವಾಗ ಉಸಿರು ಬಿಗಿಹಿಡಿದು ಮರೆಸುವ ಮಡಿಕೆಯನ್ನು ಅಂದು ಶಿಲ್ಪಿ ಉಳಿಯಿಂದ ಕೆತ್ತಿ ತೋರಿಸುತ್ತಿದ್ದ.

ಇನ್ನೊಂದು ಕೊನೆಯಲ್ಲಿ ಮುದುಕಿಯ ದೇಹವೂ ಶಿಲ್ಪದಲ್ಲಿದೆ. ಸಪ್ತಮಾತೃಕೆಯರಲ್ಲಿ ಒಬ್ಬಳಾದ ಚಾಮುಂಡೆಯ ಹಳೆಯ ವಿಗ್ರಹಗಳಲ್ಲಿ ಎಲುಬು ಕಾಣುವ ಎದೆಗೂಡು, ಜೋತುಬಿದ್ದ ಮೊಲೆ, ಒಳಕ್ಕೆ ಸೇದಿದ ಹೊಟ್ಟೆ. ತಮಿಳುನಾಡಿನ ಶಿವಭಕ್ತೆ ಕಾರೈಕ್ಕಾಲ್ ಅಮ್ಮೈಯಾರ್ ತನ್ನ ಚೆಲುವನ್ನೆಲ್ಲ ಕಿತ್ತುಕೊಂಡು ಪಿಶಾಚಿಯ ರೂಪ ಕೊಡು ಎಂದು ಶಿವನನ್ನೇ ಬೇಡಿಕೊಂಡಳು ಎಂಬುದು ಐತಿಹ್ಯ. ಚೋಳರ ಕಂಚಿನ ವಿಗ್ರಹಗಳಲ್ಲಿ ಆಕೆ ಮೂಳೆಯ ಹಂದರವಾಗಿ ತಾಳ ಹಿಡಿದು ಕೂತಿದ್ದಾಳೆ.

ಒಂದು ತುದಿಯಲ್ಲಿ ಹದಿನಾರರ ಹುಡುಗಿ, ಇನ್ನೊಂದು ತುದಿಯಲ್ಲಿ ಎಲುಬಿನ ಹಂದರ. ನಡುವಿನ ಮೂವತ್ತು ನಲವತ್ತು ವರ್ಷಗಳ ಹೆಣ್ಣು ಕಲ್ಲಿನಲ್ಲಿ ಬಲು ಅಪರೂಪ. ಆದರೆ ಇದರಿಂದ ಅಂದಿನ ಹೆಂಗಸರಿಗೆ ಹೆಚ್ಚಿನ ತೊಂದರೆಯೇನೂ ಆಗಿರಲಾರದು. ಮದನಿಕೆಯನ್ನು ನೋಡಬೇಕಾದರೆ ಬೇಲೂರಿಗೆ ಹೋಗಬೇಕಿತ್ತು. ಅವಳು ಅಡುಗೆಮನೆಯ ಗೋಡೆಗೆ ಬಂದು ಕೂತಿರಲಿಲ್ಲ.

ಗೋಡೆಗೆ ಬಂದ ಸುಂದರಿ

ಆ ಬದಲಾವಣೆ ತಂದದ್ದು ಮುದ್ರಣ ಯಂತ್ರ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಬಣ್ಣದ ಚಿತ್ರಗಳ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ ಸರಸ್ವತಿಯರು ಕಡಿಮೆ ಬೆಲೆಗೆ ಮನೆಮನೆಗೆ ಬಂದರು. ಅರಮನೆಯವರಿಗಷ್ಟೇ ಸಿಗುತ್ತಿದ್ದ ಚಿತ್ರ ಚಹಾದಂಗಡಿಗೂ ಬಂತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಮೂಲ ಚಿತ್ರಗಳನ್ನು ನೋಡಿದವರಿಗೆ ಆತನ ಹೆಂಗಸರ ಮೈಕಟ್ಟು ನೆನಪಿರಬಹುದು. ದುಂಡು ಮುಖ, ದಪ್ಪ ತೋಳು, ಸೀರೆಯೊಳಗೆ ತುಂಬಿದ ಮೈ. ಉಂಡು ಉಟ್ಟು ಸುಖವಾಗಿರುವ ಮನೆಯ ಯಜಮಾನಿಯ ಲಕ್ಷಣ ಅದು. ಬರಗಾಲಗಳನ್ನು ಕಂಡ ನಾಡಿನಲ್ಲಿ ಮೈ ತುಂಬಿಕೊಳ್ಳುವುದು ಐಶ್ವರ್ಯದ ಗುರುತಾಗಿತ್ತು. "ಮೈ ಕೈ ತುಂಬಿಕೊಂಡು ಲಕ್ಷಣವಾಗಿದ್ದಾಳೆ" ಎಂಬುದು ಇಂದಿಗೂ ನಮ್ಮ ಹಿರಿಯರ ಬಾಯಲ್ಲಿ ಹೊಗಳಿಕೆಯ ಮಾತು. ಅದೇ ಮಾತನ್ನು ಮೊಮ್ಮಗಳು ಕೇಳಿಸಿಕೊಂಡರೆ ಎರಡು ದಿನ ಊಟ ಬಿಡುತ್ತಾಳೆ.

ರವಿವರ್ಮನ ನಂತರ ಗೋಡೆಗೆ ಬಂದವರು ಸಿನಿಮಾ ನಟಿಯರು. ಇಲ್ಲಿಂದ ಧಾರವಾಡದ ಹೆಣ್ಣುಮಗಳ ಕಥೆ ಶುರುವಾಗುತ್ತದೆ.

ಲೀಲಾ ಚಿಟ್ನಿಸ್ ಹುಟ್ಟಿದ್ದು ಧಾರವಾಡದಲ್ಲಿ. ತಂದೆ ಇಂಗ್ಲಿಷ್ ಪ್ರಾಧ್ಯಾಪಕರು. ಸಿನಿಮಾಕ್ಕೆ ಬರುವ ಹೆಂಗಸರನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ಕಾಲೇಜು ಓದಿದ ಈಕೆ ಮರಾಠಿ ರಂಗಭೂಮಿಯಿಂದ ಚಿತ್ರರಂಗಕ್ಕೆ ಬಂದರು. ಅಷ್ಟು ಹೊತ್ತಿಗೆ ನಾಲ್ಕು ಮಕ್ಕಳ ತಾಯಿ. 1939ರ 'ಕಂಗನ್', ಮರುವರ್ಷದ 'ಬಂಧನ್', 1941ರ 'ಝೂಲಾ' ಈ ಮೂರೂ ಬಾಂಬೆ ಟಾಕೀಸ್ ಚಿತ್ರಗಳಲ್ಲಿ ಅಶೋಕ್ ಕುಮಾರ್‌ಗೆ ನಾಯಕಿಯಾಗಿ ದೇಶದ ಮನೆಮಾತಾದರು. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಅದುವರೆಗೆ ಹಾಲಿವುಡ್ ಸುಂದರಿಯರಿಗೆ ಮೀಸಲಾಗಿದ್ದ ಆ ಜಾಗದಲ್ಲಿ ನಿಂತ ಮೊದಲ ಭಾರತೀಯ ತಾರೆ ಈಕೆ. ಸಿನಿಮಾ ತಾರೆಯ ಚೆಲುವನ್ನು ಸಾಬೂನಿನ ಜೊತೆ ಕಟ್ಟಿ ಸಾಮಾನ್ಯ ಗೃಹಿಣಿಗೆ ಮಾರುವ ಪದ್ಧತಿ ಭಾರತದಲ್ಲಿ ಬೇರೂರಿದ್ದು ಹೀಗೆ. ಹೊಲಿಗೆ ಅಂಗಡಿಯ ಕ್ಯಾಲೆಂಡರಿನ ಮುತ್ತಜ್ಜಿ ಎಂದು ಆ ಜಾಹೀರಾತನ್ನು ಕರೆಯಬಹುದು.

ಮುಂದೇನಾಯಿತು ನೋಡಿ. ಜಾಹೀರಾತು ಬಂದು ಏಳು ವರ್ಷಕ್ಕೆ, 1948ರ 'ಶಹೀದ್' ಚಿತ್ರದಲ್ಲಿ ಲೀಲಾ ಚಿಟ್ನಿಸ್ ದಿಲೀಪ್ ಕುಮಾರ್‌ನ ತಾಯಿ. ನಲವತ್ತು ಇನ್ನೂ ತುಂಬಿರಲಿಲ್ಲ. 1951ರ 'ಆವಾರಾ'ದಲ್ಲಿ ರಾಜ್ ಕಪೂರ್‌ನ ತಾಯಿ, 1965ರ 'ಗೈಡ್'ನಲ್ಲಿ ದೇವ್ ಆನಂದ್‌ನ ತಾಯಿ. ಹಿಂದಿ ಸಿನಿಮಾದ ಕಣ್ಣೀರಿನ ಅಮ್ಮ ಎಂಬ ಪಾತ್ರಕ್ಕೆ ಅಚ್ಚು ಹಾಕಿದವರೇ ಆಕೆ. ಅದೇ ಅಶೋಕ್ ಕುಮಾರ್ 1958ರ 'ಹೌರಾ ಬ್ರಿಡ್ಜ್'ನಲ್ಲಿ ಇನ್ನೂ ನಾಯಕ. ಜೊತೆಗೆ ನಾಯಕಿಯಾಗಿ ಅವರಿಗಿಂತ 20 ವರ್ಷಕ್ಕೂ ಮಿಕ್ಕಿ ಚಿಕ್ಕವರಾದ ಮಧುಬಾಲಾ. ಒಂದು ಕಾಲಕ್ಕೆ ದೇಶದ ಚೆಲುವಿನ ಗುರುತಾಗಿದ್ದ ಲೀಲಾ ಚಿಟ್ನಿಸ್ 2003ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಹುಟ್ಟೂರಿನಲ್ಲೇ ಇಂದು ಅವರ ಹೆಸರು ಬಲ್ಲವರು ವಿರಳ.

ನಾಯಕಿಯಿಂದ ತಾಯಿಗೆ ಒಂದೇ ಹೆಜ್ಜೆ

ಇದು ಒಬ್ಬರ ಹಣೆಬರಹವಾಗಿದ್ದರೆ ಇಲ್ಲಿಗೇ ಬಿಡಬಹುದಿತ್ತು. 1957ರ 'ಮದರ್ ಇಂಡಿಯಾ'ದಲ್ಲಿ ನರ್ಗಿಸ್ ಸುನಿಲ್ ದತ್‌ನ ತಾಯಿ. ಇಬ್ಬರೂ ಹುಟ್ಟಿದ್ದು 1929ರ ಜೂನ್ ತಿಂಗಳಲ್ಲಿ. ನರ್ಗಿಸ್ ಐದು ದಿನ ದೊಡ್ಡವರು. ಮರುವರ್ಷ ಇಬ್ಬರೂ ಮದುವೆಯಾದರು. ರಾಖಿ 1981ರ 'ಬರ್ಸಾತ್ ಕೀ ಏಕ್ ರಾತ್'ನಲ್ಲಿ ಅಮಿತಾಭ್ ಬಚ್ಚನ್‌ರ ನಾಯಕಿ, 1982ರ 'ಶಕ್ತಿ'ಯಲ್ಲಿ ಅವರದೇ ತಾಯಿ. ನಿಜಜೀವನದಲ್ಲಿ ಅಮಿತಾಭ್‌ಗಿಂತ ಐದು ವರ್ಷ ಚಿಕ್ಕವರು.

ಕನ್ನಡದಲ್ಲಿ ಪಂಢರಿಬಾಯಿ ಅವರ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದು. ಭಟ್ಕಳದಲ್ಲಿ ಹುಟ್ಟಿದ ಈ ನಟಿ 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಅವರ ಮೊದಲ ನಾಯಕಿ. 1986ರ 'ಅನುರಾಗ ಅರಳಿತು' ಚಿತ್ರದಲ್ಲಿ ಅದೇ ರಾಜ್‌ಕುಮಾರ್ ಅವರ ತಾಯಿ. ಇಬ್ಬರ ವಯಸ್ಸು ಹೆಚ್ಚುಕಡಿಮೆ ಒಂದೇ. ಆ ಚಿತ್ರದ ನಾಯಕಿ ಮಾಧವಿ, 'ಬೇಡರ ಕಣ್ಣಪ್ಪ' ತೆರೆ ಕಂಡಾಗ ಇನ್ನೂ ಹುಟ್ಟಿರಲಿಲ್ಲ. 1960ರ 'ರಾಣಿ ಹೊನ್ನಮ್ಮ'ದ ನಾಯಕಿ ಲೀಲಾವತಿಯವರೂ ಮುಂದೆ ತಾಯಿಯ ಪಾತ್ರಗಳಿಗೆ ಹೊರಳಿದರು.

ಈ ನಟಿಯರು ತಾಯಿಯ ಪಾತ್ರಗಳಿಗೆ ಜೀವ ತುಂಬಿದರು, ಅದರಲ್ಲಿ ಎರಡು ಮಾತಿಲ್ಲ. ಪಾತ್ರ ಹಂಚುವ ರೀತಿಯಲ್ಲೇ ಸಮಾಜದ ಕಣ್ಣು ಕಾಣುತ್ತದೆ ಎಂಬುದನ್ನು ಮಾತ್ರ ಗಮನಿಸಬೇಕು. ಗಂಡಸಿಗೆ ಮೂವತ್ತು ವರ್ಷದ ಉದ್ದನೆಯ ನಡುವಯಸ್ಸು. ಹೊಟ್ಟೆ ಬಂದರೆ ಅಂಗಿ ಸಡಿಲ ಮಾಡಿ ಮುಂದುವರಿಯಬಹುದು. ಹೆಂಗಸಿಗೆ ಆ ಅವಧಿಯೇ ಇಲ್ಲ. ಮೈ ಸ್ವಲ್ಪ ತುಂಬಿತೋ, ತಲೆಗೆ ಬಿಳಿಬಣ್ಣ ಹಚ್ಚಿ ಕೈಗೆ ಆರತಿ ತಟ್ಟೆ ಕೊಡುತ್ತಿದ್ದರು. 45ರ ಹೆಣ್ಣು 45ರವಳಾಗಿಯೇ, ಸ್ವಂತ ಆಸೆ ಆಕಾಂಕ್ಷೆಗಳೊಂದಿಗೆ ತೆರೆಯ ಮೇಲೆ ಬರುವುದು ತೀರ ಅಪರೂಪವಾಗಿತ್ತು.

ಆದರೂ ಆ ಕಾಲದ ಪ್ರೇಕ್ಷಕಿಗೆ ಒಂದು ಸಮಾಧಾನವಿತ್ತು ಎನ್ನಬೇಕು. ನಲವತ್ತರಲ್ಲಿ ಮೈ ಬದಲಾದಾಗ ಅವಳು ತನ್ನನ್ನು ನಾಯಕಿಯೊಂದಿಗೆ ಹೋಲಿಸಿಕೊಳ್ಳುತ್ತಿರಲಿಲ್ಲ. ಅವಳ ವಯಸ್ಸಿನ ನಟಿಯೂ ತೆರೆಯ ಮೇಲೆ ಅವಳಂತೆಯೇ ಇರುತ್ತಿದ್ದಳು.

ಟೇಪು ಹಿಡಿದ ದಶಕ

ಈ ಸಮಾಧಾನ ಹೋದದ್ದು 1990ರ ದಶಕದಲ್ಲಿ. 1991ರ ಆರ್ಥಿಕ ಉದಾರೀಕರಣದ ನಂತರ ವಿದೇಶಿ ಸೌಂದರ್ಯವರ್ಧಕಗಳು, ಉಪಗ್ರಹ ವಾಹಿನಿಗಳು, ಸಿದ್ಧ ಉಡುಪುಗಳು ಒಟ್ಟಿಗೇ ಬಂದವು. 1994ರಲ್ಲಿ ಸುಷ್ಮಿತಾ ಸೇನ್ ಭುವನಸುಂದರಿ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿ. ಅದಕ್ಕೆ ಮೊದಲು ವಿಶ್ವಸುಂದರಿ ಪಟ್ಟ ಭಾರತಕ್ಕೆ ಬಂದದ್ದು ಒಮ್ಮೆ ಮಾತ್ರ, 1966ರಲ್ಲಿ ಮುಂಬಯಿಯ ವೈದ್ಯ ವಿದ್ಯಾರ್ಥಿನಿ ರೀಟಾ ಫರಿಯಾ ಅವರಿಗೆ.

1996ರ ನವೆಂಬರ್ 23ರಂದು ವಿಶ್ವಸುಂದರಿ ಸ್ಪರ್ಧೆಯೇ ಬೆಂಗಳೂರಿಗೆ ಬಂತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 88 ದೇಶಗಳ ಯುವತಿಯರು ನಡೆದರು, ಗ್ರೀಸ್ ದೇಶದ ಐರೀನ್ ಸ್ಕ್ಲಿವಾ ಗೆದ್ದರು. ಮಹಿಳಾ ಸಂಘಟನೆಗಳು, ರೈತ ಸಂಘ, ಧಾರ್ಮಿಕ ಗುಂಪುಗಳು ತಮ್ಮ ತಮ್ಮ ಕಾರಣಕ್ಕೆ ಬೀದಿಗಿಳಿದವು. ಮದುರೆಯಲ್ಲಿ ಯುವಕನೊಬ್ಬ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆಯ ಸುತ್ತನ್ನು ದೂರದ ಸೆಷೆಲ್ಸ್ ದ್ವೀಪಕ್ಕೆ ಒಯ್ಯಲಾಯಿತು. ಅಂದು 19 ವರ್ಷದವಳಾಗಿದ್ದ ನಮ್ಮವ್ವ ಮರುದಿನದ ಪತ್ರಿಕೆಯ ಫೋಟೋಗಳನ್ನು ಗೆಳತಿಯರೊಂದಿಗೆ ಕೂಡಿ ನೋಡಿದ್ದನ್ನು ಇಂದಿಗೂ ನೆನೆಯುತ್ತಾಳೆ.

ನಮ್ಮ ಸಂಸ್ಕೃತಿಗೆ ಇದು ಸರಿಯೇ ಎಂಬ ಚರ್ಚೆ ಅಂದು ಬಹಳ ನಡೆಯಿತು. ಅದರ ಗದ್ದಲದಲ್ಲಿ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆದುಹೋಯಿತು. 36-24-36 ಎಂಬ ಮೂರು ಅಂಕಿಗಳು ಕಾಲೇಜು ಹುಡುಗಿಯರ ಬಾಯಿಗೆ ಬಂದವು. ಚೆಲುವು ಎಂಬುದು ಅಂಗುಲದಲ್ಲಿ ಅಳೆಯುವ ವಸ್ತುವಾಯಿತು. ತ್ರಿವಳಿಗೆ ಅದರಲ್ಲಿ ಜಾಗವಿರಲಿಲ್ಲ.

ಬಟ್ಟೆಯೂ ಬದಲಾಯಿತು. ಸೀರೆಗೆ ಅಳತೆಯಿಲ್ಲ. ಐದೂವರೆ ಗಜದ ಸೀರೆ 18ರವಳಿಗೂ 58ರವಳಿಗೂ ಒಂದೇ. ಮೈ ತುಂಬಿದರೆ ನೆರಿಗೆ ಎರಡು ಕಡಿಮೆ, ಅಷ್ಟೇ. ಸಿದ್ಧ ಉಡುಪು ಹಾಗಲ್ಲ. ಅದಕ್ಕೆ ಸಣ್ಣ, ಮಧ್ಯಮ, ದೊಡ್ಡ ಎಂಬ ಪಟ್ಟಿಯಿದೆ. ಅಮೆರಿಕದಲ್ಲಿ ಸರ್ಕಾರವೇ ಸುಮಾರು 15 ಸಾವಿರ ಹೆಂಗಸರ ಮೈ ಅಳೆದು 1941ರಲ್ಲಿ ವರದಿ ಪ್ರಕಟಿಸಿತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರನ್ನು ಮಾತ್ರ. ಇಂಥ ಪರದೇಶಿ ಅಳತೆಗಳೇ ಬಹುಕಾಲ ನಮ್ಮ ಅಂಗಡಿಗಳಲ್ಲೂ ನಡೆದವು. ಭಾರತೀಯರಿಗೆ ಭಾರತದ್ದೇ ಅಳತೆ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25 ಸಾವಿರ ಜನರನ್ನು ಅಳೆಯುವ ಯೋಜನೆ ಹಾಕಿಕೊಂಡದ್ದು ತೀರ ಈಚೆಗೆ. ಅಲ್ಲಿಯವರೆಗೆ ಬಟ್ಟೆ ಹಿಡಿಸದಿದ್ದರೆ ತಪ್ಪು ಬಟ್ಟೆಯದೆಂದು ಯಾರೂ ಅಂದುಕೊಳ್ಳಲಿಲ್ಲ, ಮೈಯದೆಂದೇ ಅಂದುಕೊಂಡರು.

ಐವತ್ತರಲ್ಲೂ ಇಪ್ಪತ್ತೆಂಟು

ಇಂದು ನಟಿಯರ ವೃತ್ತಿಜೀವನ ಉದ್ದವಾಗಿದೆ. ನಲವತ್ತು ದಾಟಿದವರೂ ಮುಖ್ಯ ಪಾತ್ರಗಳಲ್ಲಿದ್ದಾರೆ. ಮದುವೆಯಾದವರಿಗೆ, ತಾಯಂದಿರಿಗೆ ಅವಕಾಶವಿದೆ. ಇದು ಸಂತೋಷದ ವಿಷಯ. ಸ್ಪರ್ಧೆಗಳೂ ಬದಲಾಗಿವೆ. ವಿಶ್ವಸುಂದರಿ ಸ್ಪರ್ಧೆಯವರು ಈಜುಡುಗೆಯ ಸುತ್ತನ್ನು ಕೈಬಿಡುವುದಾಗಿ 2014ರಲ್ಲಿ ಸಾರಿದರು. ಭುವನಸುಂದರಿ ಸ್ಪರ್ಧೆಯ ವಯಸ್ಸಿನ ಮಿತಿ 2024ರಿಂದ ಹೋಯಿತು. ಆ ವರ್ಷ ಅರ್ಜೆಂಟೀನಾದಲ್ಲಿ 60ರ ಹರೆಯದ ಮಹಿಳೆ ಪ್ರಾಂತೀಯ ಕಿರೀಟ ಗೆದ್ದರು, ದಕ್ಷಿಣ ಕೊರಿಯಾದಲ್ಲಿ 80ರ ಅಜ್ಜಿ ರಾಷ್ಟ್ರೀಯ ಸ್ಪರ್ಧೆಯಲ್ಲಿ ನಡೆದರು.

ಆದರೆ ಒಂದು ಷರತ್ತು ಉಳಿದಿದೆ. ವಯಸ್ಸಾಗಬಹುದು, ಆದದ್ದು ಕಾಣಬಾರದು. ಐಶ್ವರ್ಯಾ ರೈ 2011ರ ನವೆಂಬರಿನಲ್ಲಿ ಮಗುವಿಗೆ ಜನ್ಮವಿತ್ತರು. ಆರು ತಿಂಗಳ ನಂತರ ಕಾನ್ ಚಿತ್ರೋತ್ಸವಕ್ಕೆ ಹೋದಾಗ ಆಕೆಯ ಮೈತೂಕವೇ ದೊಡ್ಡ ಸುದ್ದಿ. ಬಾಣಂತನದ ಮೈಯನ್ನು ಜಗತ್ತೇ ಕೂತು ತೂಗಿತು. ವಿಶ್ವಸುಂದರಿಗೇ ಇಲ್ಲದ ರಿಯಾಯಿತಿ ಉಳಿದವರಿಗೆ ಎಲ್ಲಿಂದ ಬರಬೇಕು?

ಕ್ಯಾಲೆಂಡರಿನ ನಗುವಿನ ಹಿಂದೆ ಬೆಳಕು ಹಿಡಿಯುವವರು, ಅಡುಗೆಯವರು, ವ್ಯಾಯಾಮದ ಗುರುಗಳು, ಚರ್ಮದ ವೈದ್ಯರು, ಕೊನೆಗೆ ಕಂಪ್ಯೂಟರಿನಲ್ಲಿ ಸೊಂಟ ತಿದ್ದುವವರು ಎಲ್ಲರೂ ಇರುತ್ತಾರೆ. ನಟಿಗೆ ಅದು ವೃತ್ತಿ, ದಿನದ ದುಡಿಮೆಯ ಭಾಗ. ನೋಡುವವಳಿಗೆ ಅದು ಬಿಡುವಿನಲ್ಲಿ, ಸ್ವಂತ ಖರ್ಚಿನಲ್ಲಿ ಮಾಡಿಕೊಳ್ಳಬೇಕಾದ ಕೆಲಸ. ಬಿಡುವೂ ಇಲ್ಲ, ಹಣವೂ ಇಲ್ಲ. ಉಳಿಯುವುದು ಕೀಳರಿಮೆ.

ಇದರಲ್ಲಿ ಅಪಾಯವೂ ಇದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. 2025ರಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಬೊಜ್ಜು, ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರ ನಿಗಾದಲ್ಲಿ ಇವು ಉಪಯುಕ್ತ ಔಷಧಿಗಳೇ. ಮಗಳ ಮದುವೆಯ ಫೋಟೋಕ್ಕಾಗಿ ತೆಗೆದುಕೊಳ್ಳುವಂಥವಲ್ಲ.

ಎರಡು ಅಳತೆಗಳ ಗೊಂದಲ

ಹಾಗಾದರೆ ಹೊಟ್ಟೆಯ ಚಿಂತೆಯನ್ನೇ ಬಿಟ್ಟುಬಿಡಬೇಕೆ? ಅದೂ ಸರಿಯಲ್ಲ. ಹೊಟ್ಟೆಯೊಳಗಿನ ಕೊಬ್ಬು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳಿಗೆ ದಾರಿ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೃದ್ರೋಗದ ಸಂಭವ ಏರುತ್ತದೆ, ಮೂಳೆ ಸವೆಯುತ್ತದೆ. ಭಾರತೀಯ ಹೆಂಗಸಿನ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕೆನ್ನುತ್ತಾರೆ ವೈದ್ಯರು. ಗಂಡಸರಿಗೆ ಈ ಮಿತಿ 90. ದೇಶದಲ್ಲಿ 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳ ಪ್ರಕಾರ ಹೆಂಗಸರಲ್ಲಿ ನೂರಕ್ಕೆ 40 ಜನರಿಗೆ ಹೊಟ್ಟೆಯ ಬೊಜ್ಜಿದೆ. ಗಂಡಸರಲ್ಲಿ ನೂರಕ್ಕೆ 12.

ಇಲ್ಲಿಯೇ ಗೊಂದಲವಾಗುವುದು. ವೈದ್ಯರ ಟೇಪು ಕೇಳುವುದು ರೋಗದ ಪ್ರಶ್ನೆ. ಸೌಂದರ್ಯ ಸ್ಪರ್ಧೆಯ ಟೇಪು ಕೇಳುವುದು ನೋಟದ ಪ್ರಶ್ನೆ. 24 ಅಂಗುಲವೆಂದರೆ ಸುಮಾರು 61 ಸೆಂಟಿಮೀಟರ್. ವೈದ್ಯರು ಹೇಳುವ 80ಕ್ಕೂ ಅದಕ್ಕೂ 19 ಸೆಂಟಿಮೀಟರ್ ಅಂತರ. ಆರೋಗ್ಯವಾಗಿ ಬಾಳಲು ಬೇಕಾದಷ್ಟು ಜಾಗ ಆ ಅಂತರದಲ್ಲೇ ಇದೆ. ಆದರೆ ಹೊಟ್ಟೆ ಎಂದರೆ ನಾಚಿಕೆ ಎಂದು ಕಲಿತವಳು ಆಸ್ಪತ್ರೆಯಲ್ಲೂ ಸೆರಗು ಹೊದ್ದು ಮುಚ್ಚಿಕೊಳ್ಳುತ್ತಾಳೆ. ಸಕ್ಕರೆ ಪರೀಕ್ಷೆ ಮಾಡಿಸುವ ಬದಲು ರಾತ್ರಿ ಊಟ ಬಿಡುತ್ತಾಳೆ. ಉಪವಾಸದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಡುವಯಸ್ಸಿನಲ್ಲಿ ಉಳಿಸಿಕೊಳ್ಳಬೇಕಾದದ್ದೇ ಸ್ನಾಯು. ತಟ್ಟೆಯಲ್ಲಿ ಒಂದು ಹಿಡಿ ಹೆಚ್ಚು ಬೇಳೆ ಕಾಳು, ದಿನಕ್ಕೆ ಅರ್ಧ ಗಂಟೆ ಬಿರುನಡಿಗೆ, ತುಸು ಭಾರ ಎತ್ತುವ ವ್ಯಾಯಾಮ, ಒಳ್ಳೆಯ ನಿದ್ದೆ ಎಂಬುದು ವೈದ್ಯರ ಸಾಮಾನ್ಯ ಸಲಹೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ, ಎಲ್ಲರೂ ಮಲಗಿದ ಮೇಲೆ ಮಲಗುವ ಹೆಂಗಸಿಗೆ ಇದಕ್ಕೆ ಪುರುಸೊತ್ತು ಮಾಡಿಕೊಡಬೇಕಾದವರು ಮನೆಯವರು.

ರಾಣಿಯ ವಯಸ್ಸು

ಕೊನೆಯದಾಗಿ ನಮ್ಮ ಭಾಗದ್ದೇ ಒಂದು ಸಂಗತಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಕಂಪನಿಯ ಸೇನೆ ಸೋತಿತು. ಅಂದು ಸಂಸ್ಥಾನವನ್ನು ಮುನ್ನಡೆಸಿದ ರಾಣಿ ಚನ್ನಮ್ಮ ಹುಟ್ಟಿದ್ದು 1778ರಲ್ಲಿ. ಅಂದರೆ ಆಗ ಆಕೆಗೆ ಸುಮಾರು 46 ವರ್ಷ. ಪತಿಯನ್ನೂ ಮಗನನ್ನೂ ಕಳೆದುಕೊಂಡು, ದತ್ತುಮಗನ ಹಕ್ಕಿಗಾಗಿ ಕಂಪನಿಯನ್ನು ಎದುರಿಸಿದ ನಡುವಯಸ್ಸಿನ ಹೆಂಗಸು.

1961ರಲ್ಲಿ ಬಿ.ಆರ್. ಪಂತುಲು 'ಕಿತ್ತೂರು ಚೆನ್ನಮ್ಮ' ಚಿತ್ರ ಮಾಡಿದಾಗ ಆ ಪಾತ್ರ ವಹಿಸಿದ ಬಿ. ಸರೋಜಾದೇವಿಯವರಿಗೆ 23 ವರ್ಷ. ಅವರ ಅಭಿನಯವನ್ನು ಕನ್ನಡಿಗರು ಮರೆತಿಲ್ಲ, ಮರೆಯುವಂತೆಯೂ ಇಲ್ಲ. ಆದರೆ ಅಂದಿನಿಂದ ಚನ್ನಮ್ಮ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಳುಕುವ ನಡುವಿನ ಯುವತಿ. ಹುಬ್ಬಳ್ಳಿಯ ಚನ್ನಮ್ಮ ವೃತ್ತದಲ್ಲಿ ದಿನವೂ ಸಾವಿರಾರು ಜನ ಆಕೆಯ ಪ್ರತಿಮೆಯನ್ನು ಸುತ್ತುತ್ತಾರೆ. ಆಕೆಯ ವಯಸ್ಸನ್ನು ಕೇಳುವವರಿಲ್ಲ. ನಾಡು ಕಂಡ ಅತಿ ಧೀರ ಹೆಣ್ಣಿನ ನಲವತ್ತಾರನ್ನೂ ನಾವು ಅಳಿಸಿಬಿಟ್ಟಿದ್ದೇವೆ.

ಈ ಲೇಖನಕ್ಕಾಗಿ ಓದುತ್ತಿದ್ದಾಗ ರಾಣಿಯ ವಯಸ್ಸನ್ನು ಅವ್ವನಿಗೆ ಹೇಳಿದೆ. ಅವಳು ನಂಬಲಿಲ್ಲ. "ನನಗಿಂತ ಎರಡೇ ವರ್ಷ ಸಣ್ಣಾಕಿ ಇದ್ಳಾ?" ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಸಿಂಪಿಗರಿಂದ ಬಂದಿದ್ದ ಕುಪ್ಪಸವನ್ನು ಒಳಮಗ್ಗುಲು ತಿರುವಿ ನೋಡಿದಳು. ಬಿಚ್ಚಲು ಇನ್ನೊಂದು ಹೊಲಿಗೆ ಉಳಿದಿತ್ತು.

"ಇನ್ನೂ ಜಾಗಾ ಐತಿ" ಎಂದು ಮಡಚಿ ಟ್ರಂಕಿನಲ್ಲಿಟ್ಟಳು.